ಗಂಡನಿಗೆ ಉಡುಗೊರೆ: ಕಪಾಟಿನ ಮೇಲೆ ಕೂರದಂಥದ್ದನ್ನು ಆರಿಸುವುದು ಹೇಗೆ

ನಮ್ಮ ಮನೆಯ ಕಪಾಟಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರೊಳಗೆ ಇಬ್ಬರ ಫೋಟೊ ಅಚ್ಚು ಹಾಕಿಸಿದ ಚಹಾ ಕಪ್ಪು, ಹೃದಯದ ಆಕಾರದ ದಿಂಬು, ಹೆಸರು ಕೆತ್ತಿಸಿದ ಪೆನ್ನು. ಮದುವೆಯಾದ ಮೊದಲ ಮೂರು ವರ್ಷ ನಾನು ಕೊಟ್ಟವು. ಮೂರೂ ಇನ್ನೂ ಹೊಸದರ ಹಾಗೇ ಇವೆ. ನಾಲ್ಕನೇ ವರ್ಷ ಸಿಟ್ಟಿಗೆ ಒಂದು ಒಳ್ಳೆಯ ಪಕ್ಕಡ್ (ತಂತಿ, ಬೋಲ್ಟ್ ಹಿಡಿಯುವ ಇಕ್ಕಳ) ತಂದುಕೊಟ್ಟೆ. ಅದರ ಹಿಡಿ ಈಗ ಸವೆದು ನುಣ್ಣಗಾಗಿದೆ.

ಬಾಗಲಕೋಟೆ ನವನಗರದ ನಮ್ಮ ಓಣಿಯಲ್ಲಿ ಈಗಲೂ ವರ್ಷಕ್ಕೆ ನಾಲ್ಕೈದು ಜನ ಕೇಳುತ್ತಾರೆ: "ವೈನಿ, ನಮ್ಮನಿಯವರಿಗೆ ಏನ್ ಕೊಡ್ಲಿ ಹೇಳ್ರಿ. ಏನ್ ಕೊಟ್ರೂ ಯಾಕ ರೊಕ್ಕ ಹಾಳ ಮಾಡ್ದಿ ಅಂತಾರ." ಮೊದಮೊದಲು ನಾನು ಒಂದು ವಸ್ತುವಿನ ಹೆಸರು ಹೇಳಿ ಕಳಿಸುತ್ತಿದ್ದೆ. ಅವರು ತರುತ್ತಿದ್ದರು. ಮತ್ತೆ ಅದೇ ಕತೆ. ಆಮೇಲೆ ತಿಳಿಯಿತು, ಎಲ್ಲರೂ ಮೊದಲು ಅಂಗಡಿಗೆ ಹೋಗುತ್ತಾರೆ, ಅಲ್ಲಿ ನಿಂತು ಯೋಚಿಸುತ್ತಾರೆ. ಎಡವುವುದು ಅಲ್ಲೇ. ಭಾವುಕ ಉಡುಗೊರೆ ಒಲ್ಲದ, ಬಳಕೆಗೆ ಬರುವುದನ್ನೇ ಮೆಚ್ಚುವ ಗಂಡಂದಿರಿಗಾಗಿ ಬರೆದ ಈ ಬರಹದಲ್ಲಿ ಅಂಗಡಿ ಬರುವುದು ಐದನೇ ಹಂತಕ್ಕೆ.

ಮೊದಲು ಕೈಯಲ್ಲಿ ಇರಬೇಕಾದ್ದು

ಟೇಲರ್ ಬಳಸುವಂಥ ಬಟ್ಟೆಯ ಟೇಪು, ಪೆನ್ಸಿಲ್, ಎರಡು ಬಿಳಿ ಹಾಳೆ. ಬರೆದಿಡಲು ಅವರು ತೆರೆಯದ ಜಾಗ. ನಾನು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟ ಬಳಸುತ್ತೇನೆ. ಅದನ್ನು ನಮ್ಮವರು ಇವತ್ತಿನವರೆಗೆ ಮುಟ್ಟಿಲ್ಲ.

ಇನ್ನೊಂದು, ಒಂದು ತಿಂಗಳ ಸಮಯ. ನಾಳೆಯೇ ಹುಟ್ಟುಹಬ್ಬ ಅಂದರೆ ಈ ಸಲ ಪಾಯಸ ಮಾಡಿ ಬಿಟ್ಟುಬಿಡಿ. ಇಂಥ ಗಂಡಂದಿರು ತಾರೀಕು ತಪ್ಪಿದ್ದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಗಡಿಬಿಡಿಯಲ್ಲಿ ತಂದ ಸಾಮಾನಿಗೆ ಮಾತ್ರ ಮುಖ ಸಿಂಡರಿಸುತ್ತಾರೆ.

1. ಹದಿನೈದು ದಿನ ಕೇಳಬೇಡಿ, ಸುಮ್ನೆ ನೋಡಿ

"ನಿಮಗೇನು ಬೇಕ್ರಿ?" ಎಂದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ. "ಏನೂ ಬ್ಯಾಡ ನನಗ." ಕೇಳಿದ ಮೇಲೆ ಅವರೂ ಎಚ್ಚರವಾಗುತ್ತಾರೆ, ಏನೋ ಖರ್ಚು ಬರುತ್ತಿದೆ ಅಂತ. ಆದ್ದರಿಂದ ಬಾಯಿ ಮುಚ್ಚಿಕೊಂಡು ನೋಡಿ.

ಮೊದಲು ಅವರು ಗೊಣಗುವುದನ್ನು ಬರೆಯಿರಿ. ದಿನಾ ಬೆಳಿಗ್ಗೆ ಯಾವ ವಸ್ತುವಿಗೆ ಬೈಗುಳ ಬೀಳುತ್ತದೆ? ಮುಂದೆ, ಮನೆಯಲ್ಲಿ ತಂತಿ, ರಬ್ಬರು, ಟೇಪು ಸುತ್ತಿ ಉಳಿಸಿಕೊಂಡ ವಸ್ತು ಯಾವುದು ನೋಡಿ. ಇದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ಹತ್ತಾರು ಸಲ ರಿಪೇರಿ ಮಾಡಿ ಒಂದು ವಸ್ತುವನ್ನು ಬಳಸುತ್ತಿದ್ದಾರೆ ಅಂದರೆ ಅದು ಅವರಿಗೆ ಬೇಕೇ ಬೇಕು, ಆದರೆ ತಮಗಾಗಿ ಹೊಸದನ್ನು ಕೊಳ್ಳಲು ಮನಸ್ಸು ಬರುತ್ತಿಲ್ಲ. ಕೊನೆಗೆ, ಪಕ್ಕದ ಮನೆಯಿಂದ ಕೇಳಿ ತರುವ ಸಾಮಾನು.

ಹೋದ ವರ್ಷದ ನನ್ನ ಪುಟ ಹೀಗಿತ್ತು: ಚಾರ್ಜರ್ ವೈರಿಗೆ ಟೇಪು. ಗಾಡಿಯ ಹಿಂದಿನ ಟಯರಿಗೆ ಹವಾ, ವಾರದಲ್ಲಿ 2 ಸಲ ಬೈದರು. ಬುತ್ತಿ ಡಬ್ಬಿಯಲ್ಲಿ ರೊಟ್ಟಿ ಮುರಿಯುತ್ತದೆ. ಹೆಲ್ಮೆಟ್ ಪಟ್ಟಿ ಸಡಿಲ. ಪಕ್ಕದ ಮನೆಯ ಏಣಿ. ಇಷ್ಟರಲ್ಲೇ ಎರಡು ವರ್ಷದ ಉಡುಗೊರೆ ಇತ್ತು, ಅಲ್ವಾ?

ಇಲ್ಲಿ ಆಗುವ ತಪ್ಪು: ಜಾಹೀರಾತು ನೋಡುತ್ತಾ "ಇದು ಚಲೋ ಅದ" ಅಂದದ್ದನ್ನು ಬೇಡಿಕೆ ಎಂದುಕೊಳ್ಳುವುದು. ಅದು ಬರೀ ಮಾತು. ಹದಿನೈದು ದಿನದಲ್ಲಿ ಎರಡು ಸಲವಾದರೂ ಬಂದದ್ದನ್ನು ಮಾತ್ರ ಉಳಿಸಿಕೊಳ್ಳಿ.

2. ಪಟ್ಟಿಯಿಂದ ಹೊಡೆದುಹಾಕಿ

ಮಿಕ್ಸರ್, ಪರದೆ, ಗ್ಯಾಸ್ ಒಲೆ ಇವೆಲ್ಲ ಮನೆಯ ಸಾಮಾನು. ಅವನ್ನು ಅವರ ಹೆಸರಲ್ಲಿ ಕೊಟ್ಟರೆ ಅವರಿಗೆ ಏನೂ ಕೊಟ್ಟ ಹಾಗಲ್ಲ. ಅವರೂ ಅದನ್ನು ತಿಳಿಯುತ್ತಾರೆ.

ಉಪದೇಶ ತುಂಬಿದ ಉಡುಗೊರೆಯೂ ಬೇಡ. ವಾಕಿಂಗ್ ಹೋಗದವರಿಗೆ ವಾಕಿಂಗ್ ಶೂ, ಹೊಟ್ಟೆ ಬಂದವರಿಗೆ ತೂಕದ ಯಂತ್ರ, ಬಿಪಿ ನೋಡುವ ಮಷಿನ್. ಬಿಪಿ ಮಷಿನ್ ಬೇಕಿದ್ದರೆ ಮನೆಗೆಂದು ತನ್ನಿ, ಅದಕ್ಕೂ ಹುಟ್ಟುಹಬ್ಬಕ್ಕೂ ಗಂಟು ಹಾಕಬೇಡಿ.

ಹೆಚ್ಚು ಜನ ಎಡವುವ ಜಾಗ ಇನ್ನೊಂದಿದೆ: ಅವರ ಕಸುಬಿನ ಮುಖ್ಯ ಉಪಕರಣವನ್ನು ನಾವು ಆರಿಸಲು ಹೋಗುವುದು. ನನ್ನ ಮೈದುನ ಬೆಳಗಾವಿಯ ಉದ್ಯಮಬಾಗದಲ್ಲಿ ಮಷಿನ್ ಶಾಪಿನಲ್ಲಿ ಕೆಲಸ ಮಾಡುತ್ತಾನೆ. ಅವನ ಹೆಂಡತಿ ಪ್ರೀತಿಯಿಂದ ಸೂಕ್ಷ್ಮ ಅಳತೆ ತೆಗೆಯುವ ವರ್ನಿಯರ್ ತಂದುಕೊಟ್ಟಳು. ಅವನು ನಕ್ಕು ಒಳಗಿಟ್ಟ. ಅವನ ಕೈಗೆ ಒಗ್ಗಿದ ವರ್ನಿಯರ್ ಬೇರೆ ಇದೆ, ಅದರ ಮೇಲೆ ಅವನಿಗೆ ನಂಬಿಕೆ. ಮುಂದಿನ ವರ್ಷ ಅವಳು ಬೂಟಿನೊಳಗೆ ಹಾಕುವ ಮೆತ್ತನೆಯ ಸೋಲ್ ಕೊಟ್ಟಳು. ದಿನಕ್ಕೆ ಎಂಟು ತಾಸು ಸಿಮೆಂಟ್ ನೆಲದ ಮೇಲೆ ನಿಲ್ಲುವವನು. ಈಗ ಅದು ಸವೆದರೆ ಅವನೇ ಕೇಳಿ ತರಿಸಿಕೊಳ್ಳುತ್ತಾನೆ.

ಅಂದರೆ ಕಸುಬಿನ ಪಕ್ಕದಲ್ಲಿ ನಿಂತು ನೋಡಬೇಕು. ರೈತನಿಗೆ ಸ್ಪ್ರೇ ಪಂಪ್ ಆರಿಸುವುದು ಅವನಿಗೇ ಬಿಡಿ. ರಾತ್ರಿ ನೀರು ಹಾಯಿಸುವಾಗ ಅವನ ಕಾಲಿಗೆ ಏನಿದೆ, ಕೈಯಲ್ಲಿ ಏನಿದೆ, ಅದನ್ನು ನೋಡಿ.

3. ಗೊತ್ತಾಗದ ಹಾಗೆ ಅಳತೆ ತೆಗೆದುಕೊಳ್ಳಿ

ವಸ್ತು ಸರಿ, ಸೈಜ್ ತಪ್ಪು: ನಾನು ನೋಡಿದ ಸೋಲುಗಳಲ್ಲಿ ಜಾಸ್ತಿ ಇದೇ. ಬಿಗಿಯಾದರೆ ಅವರು ಹೇಳುವುದಿಲ್ಲ, ಸುಮ್ಮನೆ ಹಾಕಿಕೊಳ್ಳುವುದನ್ನು ಬಿಡುತ್ತಾರೆ.

ತಲೆ: ಹೆಲ್ಮೆಟ್‌ಗಾದರೆ ಹುಬ್ಬಿನಿಂದ ಸುಮಾರು ಒಂದು ಇಂಚು ಮೇಲೆ, ಹಿಂದೆ ತಲೆಯ ಉಬ್ಬಿದ ಭಾಗದ ಮೇಲಿಂದ ಟೇಪು ಸುತ್ತಬೇಕು. ನಿದ್ದೆಯಲ್ಲಿ ಅಳೆಯಲು ಹೋಗಿ ಎಬ್ಬಿಸಿ ಬೈಸಿಕೊಂಡವರಿದ್ದಾರೆ. ಸುಲಭ ದಾರಿ, ಹಳೆ ಹೆಲ್ಮೆಟ್‌ನ ಒಳಗಿನ ಚೀಟಿ. ಅದರಲ್ಲಿ 58, 60 ಎಂದು ಸೆಂಟಿಮೀಟರ್‌ನಲ್ಲಿ ಬರೆದಿರುತ್ತದೆ. ಆದರೆ ಹಳೆಯದು ಸಡಿಲವಿತ್ತೋ ಏನೋ ನೋಡಿ. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆಯಾಗಿ ತಿರುಗುತ್ತಿದ್ದರೆ ಒಂದು ಸೈಜ್ ಕೆಳಗೆ ಬೇಕು.

ಪಾದ: ಹಳೆ ಚಪ್ಪಲಿಯ ಒಳಗೆ ಪಾದದ ಗುರುತು ಬಿದ್ದಿರುತ್ತದೆ. ಹಿಮ್ಮಡಿಯಿಂದ ಉದ್ದದ ಬೆರಳಿನ ತುದಿಯವರೆಗೆ ಹಾಳೆಯ ಮೇಲೆ ಗುರುತು ಮಾಡಿ. ಎರಡೂ ಕಾಲಿನದ್ದು ತೆಗೆದುಕೊಳ್ಳಿ, ದೊಡ್ಡದನ್ನು ಹಿಡಿಯಿರಿ. ಚಪ್ಪಲಿಯ ನಂಬರನ್ನು ಮಾತ್ರ ನಂಬಬೇಡಿ, ಒಂದು ಕಂಪನಿಯ 8 ಇನ್ನೊಂದರ 9 ಆಗಿರುತ್ತದೆ. ಬರೀ ಕಾಲನ್ನೇ ಅಳೆಯುವುದಾದರೆ ಸಂಜೆ ಅಳೆಯಿರಿ, ಹೊತ್ತು ಏರಿದ ಹಾಗೆ ಪಾದ ಸ್ವಲ್ಪ ಊದುತ್ತದೆ.

ರೊಟ್ಟಿ: ಹೌದು, ರೊಟ್ಟಿಯನ್ನೂ ಅಳೆಯಬೇಕು. ಬುತ್ತಿ ಡಬ್ಬಿ ಕೊಡುವುದಾದರೆ ನೀವು ಬಡಿಯುವ ರೊಟ್ಟಿಯ ಅಗಲ ಎಷ್ಟು? ಅಂಗಡಿಯ ಬಹಳಷ್ಟು ಡಬ್ಬಿ ಚಪಾತಿ ಮಡಚಿ ಇಡುವವರಿಗೆ ಮಾಡಿದ್ದು. ಬಿಸಿ ರೊಟ್ಟಿಯಾದರೆ ನಾಲ್ಕು ಮಡಿಕೆ ಮಾಡಬಹುದು, ಖಡಕ್ ರೊಟ್ಟಿ ಮಡಚಿದರೆ ಪುಡಿ.

ಇಷ್ಟಲ್ಲದೆ ಗಾಡಿಯ ಮಾಡೆಲ್ ಹೆಸರು, ಮೊಬೈಲಿನ ಚಾರ್ಜಿಂಗ್ ತೂತು ಟೈಪ್-ಸಿ ಹೌದೋ ಅಲ್ಲವೋ, ಟಯರ್ ಟ್ಯೂಬ್‌ಲೆಸ್ಸೋ ಟ್ಯೂಬಿನದ್ದೋ. ಇವುಗಳ ಫೋಟೊ ತೆಗೆದಿಟ್ಟರೆ ಸಾಕು.

4. ರೊಕ್ಕ ಎಷ್ಟು, ದರ್ಜೆ ಯಾವುದು

ನನ್ನ ಅಭಿಪ್ರಾಯ ಗಟ್ಟಿ: ಸಣ್ಣ ವಸ್ತುವಿನಲ್ಲಿ ಉತ್ತಮವಾದದ್ದನ್ನು ಕೊಳ್ಳಿ, ದೊಡ್ಡ ವಸ್ತುವಿನಲ್ಲಿ ಅಗ್ಗದ್ದನ್ನು ಕೊಳ್ಳಬೇಡಿ. 500 ರೂಪಾಯಿ ಇದ್ದರೆ ಒಂದು ಒಳ್ಳೆಯ ಪಕ್ಕಡ್ ಬರುತ್ತದೆ. ಅದೇ ರೊಕ್ಕಕ್ಕೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಲವತ್ತು ತುಂಡಿನ ಟೂಲ್ ಸೆಟ್ಟೂ ಬರುತ್ತದೆ. ನಾನು ಒಮ್ಮೆ ಆನ್‌ಲೈನಿನಲ್ಲಿ ಅಂಥ ಸೆಟ್ ತರಿಸಿದ್ದೆ. ಮೊದಲ ಸ್ಕ್ರೂ ಬಿಚ್ಚುವಾಗಲೇ ಸ್ಕ್ರೂಡ್ರೈವರ್ ತುದಿ ತಿರುಚಿಕೊಂಡಿತು. ನಮ್ಮವರು ಏನೂ ಅನ್ನಲಿಲ್ಲ, ಅದನ್ನು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಇಟ್ಟುಕೊಂಡರು.

ಮನೆಯ ಜಮಾ-ಖರ್ಚಿಗೆ ಭಾರವಾಗುವ ಮೊತ್ತ ಬೇಡ. ಭಾವುಕ ಉಡುಗೊರೆ ಬೇಡ ಅನ್ನುವ ಗಂಡಸರಲ್ಲಿ ಬಹಳ ಜನಕ್ಕೆ ನಿಜವಾದ ಕಿರಿಕಿರಿ ರೊಕ್ಕದ್ದೇ ಇರುತ್ತದೆ. ಸಾಲ, ಕಂತು ಹಾಕಿ ತಂದರೆ ವಸ್ತು ಎಷ್ಟೇ ಚೆನ್ನಾಗಿದ್ದರೂ ಕೆಲಸ ಕೆಟ್ಟಿತು.

5. ಈಗ ಅಂಗಡಿಗೆ ಹೋಗಿ

ಸೈಜ್ ಇರುವ ವಸ್ತುಗಳನ್ನು ಊರಿನ ಅಂಗಡಿಯಲ್ಲೇ ತೆಗೆದುಕೊಳ್ಳಿ. ಬೆಳಗಾವಿಯವರಿಗೆ ಖಡೇಬಜಾರ, ಗಣಪತಿ ಗಲ್ಲಿ ಇದೆ, ವಿಜಯಪುರದವರಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ ಇದೆ. ಬೆಲೆ ಕೇಳುವ ಮೊದಲು ಒಂದು ಮಾತು ಕೇಳಿ: "ಸೈಜ್ ಆಗದಿದ್ರ ಎಷ್ಟು ದಿನದಾಗ ಬದಲಿ ಕೊಡ್ತೀರಿ?" ಅವರು ಹೇಳಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಿಲ್ ಬೇಡ ಅಂದರೆ ಸ್ವಲ್ಪ ಕಡಿಮೆ ಮಾಡುತ್ತೇವೆ ಎನ್ನುವ ಅಂಗಡಿಯಿಂದ ವಾರಂಟಿ ಇರುವ ಏನನ್ನೂ ತರಬೇಡಿ.

ಹೆಲ್ಮೆಟ್. ಐಎಸ್‌ಐ ಗುರುತು ಬೇಕೇ ಬೇಕು. ಐಎಸ್ 4151 ಎಂಬ ಸಂಖ್ಯೆ, ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. 2021ರ ಜೂನ್ 1ರಿಂದ ಈ ಗುರುತಿಲ್ಲದ ದ್ವಿಚಕ್ರ ವಾಹನದ ಹೆಲ್ಮೆಟ್ ಮಾರುವಂತಿಲ್ಲ. ಆದರೂ ರಸ್ತೆ ಬದಿಯಲ್ಲಿ ಸಿಗುತ್ತವೆ, ಗುರುತಿನ ಸ್ಟಿಕರ್ ಸಮೇತ. ಅನುಮಾನವಿದ್ದರೆ ಮೊಬೈಲಿನಲ್ಲಿ ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಲೈಸೆನ್ಸ್ ನಂಬರ್ ಹೊಡೆಯಿರಿ, ಕಂಪನಿಯ ಹೆಸರು ಬರುತ್ತದೆ. ಹೊಸ ಹೆಲ್ಮೆಟ್ ಕೆನ್ನೆಗೆ ಸ್ವಲ್ಪ ಒತ್ತಬೇಕು, ದಿನ ಕಳೆದಂತೆ ಒಳಗಿನ ಮೆತ್ತೆ ಕೂರುತ್ತದೆ. ಹಣೆ ನೋಯಿಸಿದರೆ ಮಾತ್ರ ಸಣ್ಣದಾಯಿತು ಅಂತ.

ಚರ್ಮದ ಚಪ್ಪಲಿ. ಕೊಲ್ಹಾಪುರಿ ಅಂದ ಕೂಡಲೇ ಕೊಲ್ಹಾಪುರಕ್ಕೇ ಹೋಗಬೇಕಿಲ್ಲ. ಅದರ ಜಿಐ ಮಾನ್ಯತೆ, ಅಂದರೆ ಇಂಥ ಊರಿನದ್ದೇ ಎಂಬ ಭೌಗೋಳಿಕ ಗುರುತು, ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಕರ್ನಾಟಕದ 4 ಜಿಲ್ಲೆಗಳಿಗೂ ಇದೆ: ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಅಥಣಿಯ ಕಡೆ ಮನೆಮನೆಯಲ್ಲಿ ಮಾಡುತ್ತಾರೆ. ಅಸಲಿ ಚಪ್ಪಲಿಯಲ್ಲಿ ಮೊಳೆ ಇರುವುದಿಲ್ಲ, ಚರ್ಮದ ದಾರದಲ್ಲೇ ಹೊಲಿದಿರುತ್ತಾರೆ. ತಿರುಗಿಸಿ ಅಟ್ಟೆ ನೋಡಿ. ಹೊಸದರಲ್ಲಿ ಬಿಗಿ ಇರಲಿ, ಹಾಕಿಕೊಂಡ ಹಾಗೆ ಚರ್ಮ ಸಡಿಲವಾಗುತ್ತದೆ. ಮೊದಲ ವಾರ ಕಚ್ಚುತ್ತದೆ, ಪಟ್ಟಿಗೆ ಒಳಗಿನಿಂದ ಸ್ವಲ್ಪ ಎಣ್ಣೆ ಸವರಿ. ನೀರು ಕಂಡರೆ ಹಾಳಾಗುವ ವಸ್ತು ಇದು. ಬೆಳಗಾವಿಯ ಮಳೆಗಾಲದಲ್ಲಿ ಕೊಟ್ಟರೆ ಮೂರು ತಿಂಗಳು ಮೂಲೆಯಲ್ಲಿ ಬೂಸ್ಟು ಹಿಡಿಯುತ್ತದೆ. ದೀಪಾವಳಿಯ ಹೊತ್ತಿಗೆ ಕೊಡಿ.

ತಲೆಗೆ ಕಟ್ಟುವ ಬ್ಯಾಟರಿ, ಅಂದರೆ ಟಾರ್ಚು. ಹೊಲ ಇರುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟಿನ ಪಾಳಿ ರಾತ್ರಿ ಬಂದರೆ ಎದ್ದು ಹೋಗಲೇಬೇಕು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಟಾರ್ಚು ಹಿಡಿದು ನೀರು ತಿರುಗಿಸಲು ಆಗುತ್ತದೆಯೇ? ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮೋಟರ್ ಪೆಟ್ಟಿಗೆ ನೋಡುವವರನ್ನು ಕಂಡಿದ್ದೇನೆ. 200-300 ಲುಮೆನ್ ಬೆಳಕು ಸಾಕು. ಸಾವಿರಗಟ್ಟಲೆ ಲುಮೆನ್ ಬರೆದ ಅಗ್ಗದ್ದನ್ನು ನಂಬಬೇಡಿ. ಐಪಿಎಕ್ಸ್4 ಎಂದಿದ್ದರೆ ನೀರು ಸಿಡಿದರೂ ನಡೆಯುತ್ತದೆ. ಬೆಳಕನ್ನು ಕೆಳಗೆ ಬಗ್ಗಿಸಲು ಬರಬೇಕು, ಕಾಲ ಬುಡ ಕಾಣುವುದು ಮುಖ್ಯ. ಕೈಯಲ್ಲಿ ಇನ್ನೂ ರೊಕ್ಕ ಉಳಿದರೆ ಮೊಣಕಾಲ ಹತ್ತಿರ ಬರುವ ಗಮ್‌ಬೂಟು ಸೇರಿಸಿ. ಕಬ್ಬಿನ ಹೊಲದಲ್ಲಿ ಹಾವಿನ ಭಯ ಯಾರಿಗೆ ಗೊತ್ತಿಲ್ಲ.

ಬುತ್ತಿ ಡಬ್ಬಿ, ಫ್ಲಾಸ್ಕು. ಡಬ್ಬಿ ಅಗಲವಾಗಿ, ಚಪ್ಪಟೆಯಾಗಿ ಇರಲಿ. ಪಲ್ಯಕ್ಕೆ ಬೇರೆ ಬಟ್ಟಲು, ಮುಚ್ಚಳಕ್ಕೆ ರಬ್ಬರು. ಆ ರಬ್ಬರು ಬಿಡಿಯಾಗಿ ಸಿಗುತ್ತದೆಯೇ ಕೇಳಿ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಬಿಸಿ ರೊಟ್ಟಿ ಬೆವರುತ್ತದೆ, ಬಟ್ಟೆ ಸುತ್ತಿಯೇ ಇಡಬೇಕು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುವಾಗ ಹೊರಗೆ ದುಡಿಯುವವರಿಗೆ ಒಂದು ಲೀಟರಿನ ಸ್ಟೀಲ್ ಫ್ಲಾಸ್ಕು ಬಹಳ ಉಪಯೋಗ. ಬಾಯಿ ಅಗಲವಿದ್ದರೆ ತೊಳೆಯಲು ಸಲೀಸು, ಮಜ್ಜಿಗೆಯನ್ನೂ ಹಾಕಬಹುದು.

ಹವಾ ತುಂಬುವ ಪಂಪು, ಪವರ್ ಬ್ಯಾಂಕು. ಕಾರಿದ್ದರೆ 12 ವೋಲ್ಟ್ ವೈರಿನ ಪಂಪೇ ಲೇಸು. ಒಳಗೆ ಬ್ಯಾಟರಿ ಇರುವುದನ್ನು ನಮ್ಮ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಬ್ಯಾಟರಿ ಬೇಗ ಸಾಯುತ್ತದೆ. ಬೈಕಿಗಾದರೆ ಬ್ಯಾಟರಿಯದ್ದೇ ಬೇಕಾಗುತ್ತದೆ, ಬಳಸಿದ ಮೇಲೆ ಮನೆಯೊಳಗೆ ಇಡಬೇಕು. 10000 ಎಂಎಎಚ್ ಪವರ್ ಬ್ಯಾಂಕಿನಿಂದ ಮೊಬೈಲಿಗೆ ಅಷ್ಟೂ ಬರುವುದಿಲ್ಲ. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ರೇಟೆಡ್ ಕೆಪ್ಯಾಸಿಟಿ ಎಂದು ಬೇರೆ ಅಂಕಿ ಇರುತ್ತದೆ, ಅದನ್ನು ಹೋಲಿಸಿ.

ಡ್ರಿಲ್ ಮಷಿನ್ ಬಗ್ಗೆ ಒಂದೇ ಮಾತು. ಗೋಡೆ ಕಲ್ಲಿನದ್ದಾದರೆ ಬರೀ ಡ್ರಿಲ್ ಸಾಲದು, ಕೊರೆಯುತ್ತಲೇ ಬಡಿಯುವ ಹ್ಯಾಮರ್ ಡ್ರಿಲ್ ಬೇಕು. ಇಳಕಲ್ ಗ್ರಾನೈಟಿನ ಮುಂದೆ ಆಟಿಕೆ ಡ್ರಿಲ್ ಬರೀ ಸದ್ದು ಮಾಡುತ್ತದೆ.

6. ಕೊಡುವ ಮೊದಲು ನೀವೇ ಪರೀಕ್ಷೆ ಮಾಡಿ

ತಂದ ದಿನವೇ ಪೆಟ್ಟಿಗೆ ಬಿಚ್ಚಿ. ಎರಡು ತಿಂಗಳು ಮೊದಲೇ ತಂದು ಸೀರೆಗಳ ಕೆಳಗೆ ಬಚ್ಚಿಡುವವರೇ ಜಾಸ್ತಿ. ಕೊಟ್ಟ ದಿನ ಅದು ನಡೆಯದಿದ್ದರೆ ಬದಲಿಸುವ ಅವಧಿ ಮುಗಿದಿರುತ್ತದೆ. ವಾರಂಟಿಯೂ ಬಿಲ್ಲಿನ ತಾರೀಕಿನಿಂದಲೇ ಓಡುತ್ತಿರುತ್ತದೆ, ನೀವು ಕೊಟ್ಟ ದಿನದಿಂದಲ್ಲ.

ಫ್ಲಾಸ್ಕಿಗೆ ಕುದಿಯುವ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಹೊರಗೆ ಮುಟ್ಟಿ ನೋಡಿ. ಬಿಸಿ ತಟ್ಟಿದರೆ ಅದರ ಗೋಡೆಯ ನಡುವಿನ ನಿರ್ವಾತ ಹೋಗಿದೆ, ಅವತ್ತೇ ಹಿಂದಿರುಗಿಸಿ. ಮಲಗಿಸಿಯೂ ನೋಡಿ, ಸೋರಬಾರದು. ಬ್ಯಾಟರಿ ದೀಪವನ್ನು ಪೂರ್ತಿ ಚಾರ್ಜ್ ಮಾಡಿ ಎಷ್ಟು ತಾಸು ಉರಿಯುತ್ತದೆ ಎಂದು ಒಂದು ರಾತ್ರಿ ಅಡುಗೆಮನೆಯಲ್ಲಿ ಹಚ್ಚಿಡಿ. ಚಾರ್ಜರ್ ಹಚ್ಚಿದಾಗ ಸುಟ್ಟ ವಾಸನೆ ಬಂದರೆ, ವಸ್ತು ಉಬ್ಬಿದ ಹಾಗೆ ಕಂಡರೆ ತಕ್ಷಣ ಪ್ಲಗ್ ತೆಗೆಯಿರಿ. ಅದನ್ನು ಕೊಡುವ ಮಾತೇ ಇಲ್ಲ.

ವಾರಂಟಿ ಕಾರ್ಡಿಗೆ ಅಂಗಡಿಯ ಸಿಕ್ಕೆ ಬಿದ್ದಿದೆಯೇ ನೋಡಿ, ಬಿಲ್ಲಿನ ಫೋಟೊ ತೆಗೆದಿಡಿ. ಕೆಲವು ಬಿಲ್ಲುಗಳ ಅಕ್ಷರ ಒಂದೇ ವರ್ಷದಲ್ಲಿ ಮಾಸಿ ಹೋಗುತ್ತವೆ.

7. ಹೇಗೆ ಕೊಡಬೇಕು

ಬಣ್ಣದ ಕಾಗದ ಬೇಡ, ರಿಬ್ಬನ್ ಬೇಡ, ನಾಲ್ಕು ಜನರ ಮುಂದೆ ಬೇಡವೇ ಬೇಡ. ಬಳಸುವ ಜಾಗದಲ್ಲಿ, ಬಳಸಲು ತಯಾರಾಗಿ ಇಡಿ. ಹೆಲ್ಮೆಟ್ ಗಾಡಿಯ ಕನ್ನಡಿಗೆ ತೂಗಲಿ. ತಲೆ ಬ್ಯಾಟರಿ ಚಾರ್ಜ್ ಆಗಿ ಸಲಿಕೆಯ ಪಕ್ಕದ ಮೊಳೆಯಲ್ಲಿರಲಿ. ಹೊಸ ಡಬ್ಬಿಯಲ್ಲಿ ಅವತ್ತಿನ ಬುತ್ತಿಯನ್ನೇ ಕಟ್ಟಿ ಕಳಿಸಿ. "ಹಳೇದು ಹಾಳಾಗಿತ್ತಲ್ರಿ, ಅದಕ್ಕ ತಂದೆ" ಎಂಬಷ್ಟು ಮಾತು ಸಾಕು.

ದೀಪಾವಳಿ ಪಾಡ್ಯದಂದು ಆರತಿ ಮಾಡಿದಾಗ ತಟ್ಟೆಗೆ ರೊಕ್ಕ ಹಾಕುವುದು ಅವರ ಪಾಲಿನ ರೂಢಿ. ಅದೇ ಹೊತ್ತಲ್ಲಿ ನಿಮ್ಮದನ್ನೂ ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದ ಹಾಗೆ ಆಗುತ್ತದೆ. ನಾನಂತೂ ಒಂದು ವಾರ ಬಿಟ್ಟು, ಯಾವ ವಿಶೇಷವೂ ಇಲ್ಲದ ದಿನ ಕೊಡುತ್ತೇನೆ.

ಕೊಟ್ಟ ಮೇಲೆ ಎದುರು ನಿಂತು ಮುಖ ನೋಡಬೇಡಿ. ಒಳಗೆ ಹೋಗಿ ಒಗ್ಗರಣೆ ಹಾಕಿ.

8. ಹದಿನೈದು ದಿನ ಬಿಟ್ಟು ನೋಡಬೇಕಾದ ಲಕ್ಷಣ

ಮೊದಲ ಮಾತು "ಎಷ್ಟು ಬಿತ್ತು?" ಎಂದೇ ಇರುತ್ತದೆ. ಇದಕ್ಕೆ ಹೆದರಬೇಡಿ. ಸುಳ್ಳೂ ಹೇಳಬೇಡಿ, ಬೆಲೆ ಅಂಗಡಿಯಲ್ಲಿ ಹೇಗೂ ಗೊತ್ತಾಗುತ್ತದೆ. ಅವರು ವಸ್ತುವನ್ನು ತಿರುಗಿಸಿ, ಕೆಳಗೆ ಏನು ಬರೆದಿದೆ ಎಂದು ಓದಿದರೆ ಮೆಚ್ಚಿದರು ಅಂತಲೇ ತಿಳಿಯಿರಿ. "ಅದನ್ನ ಮುಟ್ಟಬ್ಯಾಡ್ರಿ, ನಂದದು" ಎಂದು ಮಕ್ಕಳಿಗೆ ಬೈದರೆ ನಿಮ್ಮ ಕೆಲಸ ಆಯಿತು.

ಎಚ್ಚರಿಕೆಯ ಲಕ್ಷಣ ಬೇರೆ ಇವೆ. ಬಳಸಿದ ಮೇಲೆ ಮತ್ತೆ ಅದರ ಪೆಟ್ಟಿಗೆಯೊಳಗೇ ಇಡುವುದು. ಯಾರೋ ಕೇಳಿದ ಕೂಡಲೇ ಕೊಟ್ಟು ಕಳಿಸಿ, ವಾಪಸ್ ಕೇಳದಿರುವುದು. ಹದಿನೈದು ದಿನವಾದರೂ ಟೇಪು ಸುತ್ತಿದ ಹಳೆಯದನ್ನೇ ಹಿಡಿಯುವುದು. ಆಗ "ಯಾಕ್ರಿ ಬಳಸವಲ್ಲ್ರಿ?" ಎಂದು ಜಗಳ ತೆಗೆಯದೆ "ಭಾರ ಅನಸ್ತದೇನ್ರಿ, ಸಣ್ಣದಾತೇನ್ರಿ?" ಎಂದು ವಸ್ತುವಿನ ಬಗ್ಗೆ ಮಾತ್ರ ಕೇಳಿ. ಉತ್ತರ ಬರುತ್ತದೆ. ಬದಲಿಸಲು ಬಂದರೆ ಅವರನ್ನೇ ಕರೆದುಕೊಂಡು ಹೋಗಿ ಬದಲಿಸಿ. ಬಾರದಿದ್ದರೆ ಮಗನಿಗೋ ಅಣ್ಣನಿಗೋ ಕೊಟ್ಟು ಹಾಲಿನ ಪುಸ್ತಕದ ಕೊನೆಯ ಪುಟಕ್ಕೆ ಹಿಂದಿರುಗಿ.

ಹಳೆಯ ವಸ್ತುವನ್ನು ಅವರಿಗೆ ಹೇಳದೆ ಗುಜರಿಗೆ ಹಾಕಬೇಡಿ. ಹೊಸದು ಕೈಗೆ ಒಗ್ಗುವವರೆಗೆ ಅದು ಪಕ್ಕದಲ್ಲೇ ಇರಲಿ, ಬೇಡವಾದ ದಿನ ಅವರೇ ತೆಗೆಯುತ್ತಾರೆ. ಹೆಲ್ಮೆಟ್ ಒಂದಕ್ಕೆ ಮಾತ್ರ ಈ ಮಾತು ಹೊಂದುವುದಿಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ, ಪಟ್ಟಿ ಸಡಿಲವಾದ ಹೆಲ್ಮೆಟ್ ಮನೆಯಲ್ಲಿದ್ದರೆ ಹಿಂದೆ ಕೂರುವವರು ಯಾರಾದರೂ ಅದನ್ನೇ ಹಾಕಿಕೊಂಡು ಹೋಗುತ್ತಾರೆ. ಕತ್ತರಿಯಿಂದ ಅದರ ಪಟ್ಟಿ ಕತ್ತರಿಸಿ, ಆಮೇಲೆ ಕಸಕ್ಕೆ ಹಾಕಿ.